ನಮ್ಮಿಬ್ಬರ ಕನ್ನಡ

ಅಬ್ಬಾಸಿಯಾ, ಕುವೈತ್
8 ಅಕ್ಟೋಬರ್ 2004, ಶುಕ್ರವಾರ

ಪ್ರೀತಿಯ ಪುಷ್ಪಾ ಚಿಕ್ಕಮ್ಮ,

ಗೆದ್ದೆ! ಕ್ಷೇಮಸಮಾಚಾರ ಆಮೇಲೆ. ನಮ್ಮ ಕಾಲೇಜಿನ ಸಿಸ್ಟರ್ಸ್ ಸರ್ಕಲ್‌ಗೆ ಈ ವರ್ಷದ ಪ್ರೆಸಿಡೆಂಟ್ ನಿಮ್ಮ ಅಕ್ಕನ ಮಗಳು ಅಕ್ಷಯಾ. ಡೆಲ್ಲಿಯವರು, ಕೇರಳದವರು ಬಿಟ್ಟರೆ ಇಷ್ಟರವರೆಗೆ ಆ ಕುರ್ಚಿಯಲ್ಲಿ ಯಾರೂ ಕೂತದ್ದಿಲ್ಲ. ಪಪ್ಪ ಶುಐಬಾದ ತಮ್ಮ ಆಫೀಸಿಗೆ ಲಡ್ಡು ಹೊತ್ತುಕೊಂಡು ಹೋಗಿ ಈಜಿಪ್ಟಿನ ಮ್ಯಾನೇಜರನಿಂದ ಹಿಡಿದು ಚಾ ಕೊಡುವವನವರೆಗೆ ಎಲ್ಲರಿಗೂ ಹಂಚಿ ಬಂದರಂತೆ. ಅಮ್ಮನಿಗೆ ನಾಚಿಕೆ, ಅವರಿಗಿಲ್ಲ.

ಸರ್ಕಲ್ ಅಂದರೆ ಎಂತದ್ದು ಅಂತ ಕೇಳಿದ್ದಿರಲ್ಲ. ಹುಡುಗಿಯರದ್ದೇ ಸಂಘ. ಹೊಸದಾಗಿ ಕಾಲೇಜಿಗೆ ಸೇರಿದ ಪ್ರತಿ ಹುಡುಗಿಗೂ ಸೀನಿಯರ್ ಒಬ್ಬಳನ್ನು ದೀದಿ ಅಂತ ಕೊಡುತ್ತೇವೆ. ಜ್ವರ ಬಂದರೂ ಅವಳು, ಫೇಲಾದರೂ ಅವಳು, ಅಳು ಬಂದರೂ ಅವಳೇ. ನವೆಂಬರಿನಲ್ಲಿ ಸುಲೈಬಿಯಾದ ಒಂದು ತೋಟದಲ್ಲಿ ಪಿಕ್‌ನಿಕ್ ಉಂಟು. ಅಲ್ಲಿ ಹೊಸಬರು ಎತ್ತರದಲ್ಲಿ ನಿಂತು ಹಿಂದಕ್ಕೆ ಬೀಳಬೇಕು, ಕೆಳಗೆ ನಾವೆಲ್ಲ ಕೈಗೆ ಕೈ ಹೆಣೆದು ಹಿಡಿಯುತ್ತೇವೆ. ಹಿಡಿದ ಮೇಲೆ ಅವಳು ನಮ್ಮ ತಂಗಿ. ಕಣ್ಣಿಗೆ ಬಟ್ಟೆ ಕಟ್ಟುವ ಹಾಗಿಲ್ಲ ಅಂತ ಡೀನ್ ಮೇಡಂ ಹೇಳಿದ್ದಾರೆ, ನಾನು ಒಪ್ಪಿ ಮಾತು ಕೊಟ್ಟಿದ್ದೇನೆ.

ನನ್ನನ್ನು ಗೆಲ್ಲಿಸಿದ್ದು ಶರ್ಲಿನ್. ಕ್ಲಾಸ್ ಕ್ಲಾಸಿಗೆ ಹೋಗಿ ವೋಟು ಕೇಳಿದವಳು ಅವಳು. ನಾನು ಹಿಂದೆ ನಿಂತು ನಗಾಡಿದ್ದು ಮಾತ್ರ. ಅವಳ ಅಮ್ಮ ಕಾರ್ಮೆಲ್ ಆಂಟಿ ಇಲ್ಲಿ ನರ್ಸ್. ಅಪ್ಪ ತೀರಿಹೋಗಿ ಆರು ವರ್ಷ, ಆಂಟಿ ಒಬ್ಬರೇ ದುಡಿದು ಓದಿಸುತ್ತಿದ್ದಾರೆ. ಅವಳಿಗೆ ತುಳು ಬಾರದು, ನನಗೆ ಕೊಂಕಣಿ ಬಾರದು. ಹಾಗಾಗಿ ನಮ್ಮದು ಕನ್ನಡ. ಇಡೀ ಕಾಲೇಜಿನಲ್ಲಿ ಕನ್ನಡ ಬರುವವರು ನಾವಿಬ್ಬರೇ, ಯಾರಿಗೂ ತಿಳಿಯಬಾರದ್ದನ್ನೆಲ್ಲ ಅದರಲ್ಲಿ ಹೇಳಿಕೊಳ್ಳುತ್ತೇವೆ. ಅವಳ ಕನ್ನಡ ನೀವು ಕೇಳಬೇಕು! "ಬಸ್ಸು ಬಂದಳು" ಅಂತಾಳೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿರುವುದು ಹಾಲ್‌ನಲ್ಲಿ, ಪಪ್ಪನ ಕುರ್ಚಿಯ ಪಕ್ಕ. ನನಗೆ ಮೊಬೈಲು ಡಿಗ್ರಿ ಮುಗಿದ ಮೇಲಂತೆ. ಕಾಗದವೇ ವಾಸಿ.

ನಿಮ್ಮ ಅಕ್ಷಯಾ

*

ಲೇಡೀಸ್ ಹಾಸ್ಟೆಲ್, ಮಂಗಳೂರು
20 ಅಕ್ಟೋಬರ್ 2004

ಪ್ರೆಸಿಡೆಂಟರಿಗೆ ವಾರ್ಡನ್‌ನ ಸಲಾಮು.

ಓದಿ ಖುಷಿಯಾಯಿತು ಮಗಾ. ಮೆಸ್ಸಿನ ಅನಸೂಯಮ್ಮನಿಗೂ ಓದಿ ಹೇಳಿದೆ. "ಕುವೈತಿನಲ್ಲಿ ಪ್ರೆಸಿಡೆಂಟಾ? ಅಲ್ಲಿ ರಾಜರಲ್ಲವಾ ಇರುವುದು?" ಅಂತ ಕೇಳಿದಳು. ಉತ್ತರ ಕೊಡಲಿಕ್ಕೆ ಹೋಗಲಿಲ್ಲ.

ಆದರೆ ಇಪ್ಪತ್ತೆರಡು ವರ್ಷ ಹುಡುಗಿಯರನ್ನು ಕಾದವಳು ಹೇಳುತ್ತೇನೆ, ಕೇಳು. ಮುಂದಕ್ಕೆ ನೆಟ್ಟಗೆ ನಡೆಯಲಿಕ್ಕೇ ಬಾರದ ಪ್ರಾಯದಲ್ಲಿ ಹಿಂದಕ್ಕೆ ಬೀಳುವ ಆಟ ಯಾಕೆ ಮಾರಾಯ್ತಿ? ತಂಗಿ ಆಗಬೇಕಾದರೆ ಒಟ್ಟಿಗೆ ಕೂತು ಒಂದು ಹೊತ್ತು ಉಂಡರೆ ಸಾಲದಾ? ನಮ್ಮಲ್ಲಿ ಹೊಸಬರಿಗೆ ಒಂದೇ ಪರೀಕ್ಷೆ, ಮೊದಲ ವಾರ ಮೆಸ್ಸಿನಲ್ಲಿ ಎಲ್ಲರಿಗೂ ಬಡಿಸಬೇಕು. ಈ ಸಲ ಪಾಟ್ನಾದಿಂದ ನರ್ಸಿಂಗ್‌ಗೆ ಒಂದು ಹುಡುಗಿ ಬಂದಿದೆ. ಕನ್ನಡದ ಒಂದಕ್ಷರ ಗೊತ್ತಿಲ್ಲ, ಪಾಪ. ಮೊನ್ನೆ ಅನ್ನ ಬಡಿಸುವಾಗ ಏನು ಅವಾಂತರ ಮಾಡಿತು ಅಂದರೆ, ಅನಸೂಯಮ್ಮ ನಗಾಡಿ ನಗಾಡಿ ಸೌಟು ಕೆಳಗೆ ಹಾಕಿದಳು. ಬರೆಯಲಿಕ್ಕೆ ಹೋದರೆ ಕಾಗದ ಸಾಲದು. ನೀನು ಬಂದಾಗ ಹೇಳುತ್ತೇನೆ.

ಶರ್ಲಿನ್‌ನ ಬಸ್ಸಿಗೆ ನನ್ನ ನಮಸ್ಕಾರ ಹೇಳು.

ಚಿಕ್ಕಮ್ಮ

*

ಅಬ್ಬಾಸಿಯಾ
27 ನವೆಂಬರ್ 2004

ಪ್ರೀತಿಯ ಚಿಕ್ಕಮ್ಮ,

ಮೊನ್ನೆ ಗುರುವಾರ ಪಿಕ್‌ನಿಕ್ ಆಯಿತು. ಹವೆ ಚೆನ್ನಾಗಿತ್ತು.

ಒಂದು ಸಣ್ಣ ತೊಂದರೆಯಾಗಿದೆ. ರುಚಿಕಾ ಅಂತ ಕಾನ್ಪುರದ ಹುಡುಗಿ, ಈ ವರ್ಷ ಸೇರಿದವಳು. ತೋಟದ ಪಕ್ಕ ಒಂದು ಖಾಲಿ ಗೋದಾಮಿತ್ತು, ಲಾರಿಗೆ ಸಾಮಾನು ಏರಿಸುವ ಕಟ್ಟೆ ಇರುವಂಥದ್ದು. ಬೀಳುವ ಆಟ ಅಲ್ಲೇ ನಡೆದದ್ದು. ಅವಳು ಹಿಂದಕ್ಕೆ ಬೀಳುವ ಬದಲು ಒಮ್ಮೆಲೇ ಚೀರಿ ಬದಿಗೆ ಓಡಿ ಕಟ್ಟೆಯಿಂದ ಸಿಮೆಂಟಿಗೆ ಬಿದ್ದಳು. ಕೈ ಮುರಿದಿದೆ, ಭುಜದ ಮೂಳೆಯೂ. ಕಣ್ಣಿಗೆ ಬಟ್ಟೆ ಕಟ್ಟಿದ್ದರಂತೆ. ನಾನು ಆಗ ಹೊರಗೆ ಬಿರಿಯಾನಿ ಪಾತ್ರೆಗಳ ಹತ್ತಿರ ಇದ್ದೆ. ಡೀನ್ ಮೇಡಂಗೂ ಹಾಗೇ ಹೇಳಿದ್ದೇನೆ.

ಆದರೆ ಅವಳು ಆಸ್ಪತ್ರೆಯಲ್ಲಿ ಹೇಳುತ್ತಿರುವುದು ಬೇರೆ. ಯಾರೋ ಚಾಕು ತೆಗೆದರಂತೆ, ಅದಕ್ಕೇ ಹೆದರಿ ಓಡಿದಳಂತೆ. ಶರ್ಲಿನ್ ಬ್ಯಾಗಿನಲ್ಲಿ ಚಾಕು ಸಿಕ್ಕಿದೆ. ಅದು ಕೇಕ್ ಕತ್ತರಿಸಲಿಕ್ಕೆ ಅವಳು ಮನೆಯಿಂದ ತಂದದ್ದು, ನಮಗೆಲ್ಲ ಗೊತ್ತು. ರುಚಿಕಾಳ ಅಪ್ಪ ಪೊಲೀಸ್ ಕೇಸು ಹಾಕುತ್ತೇನೆ ಅಂತಿದ್ದಾರೆ. ಇಲ್ಲಿ ಕೇಸಾದರೆ ಗೊತ್ತಲ್ಲ. ಇಕಾಮಾ ಅಂದರೆ ಇಲ್ಲಿರುವ ಪರವಾನಗಿಯೇ ಹೋಗುತ್ತದೆ, ಮನೆಯವರನ್ನೆಲ್ಲ ಊರಿಗೆ ಕಳಿಸುತ್ತಾರೆ. ಕಾರ್ಮೆಲ್ ಆಂಟಿಯ ಕೆಲಸವೂ ಖಲಾಸ್.

ಅಮ್ಮನಿಗೆ ನಾನು ಪೂರ್ತಿ ಹೇಳಿಲ್ಲ. ನೀವೂ ಹೇಳಬೇಡಿ.

ಅಕ್ಷಯಾ

*

ಮಂಗಳೂರು
8 ಡಿಸೆಂಬರ್ 2004

ಮಗಾ ಅಕ್ಷಯಾ,

ನಿನ್ನ ಕಾಗದ ಬಂದು ಎರಡು ದಿನ ಆಯಿತು. ಎರಡು ಸಲ ಓದಿದೆ.

ನೇರ ಹೇಳುತ್ತೇನೆ. ನೀನು ಹೊರಗಿದ್ದೆ ಅಂದ ಮೇಲೆ ಹೊರಗೇ ಇರು. ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ. ಕೇಕಿಗೆ ಅಂತ ತಂದ ಚಾಕುವನ್ನು ಹುಡುಗಾಟಕ್ಕೆ ತೋರಿಸಿ ಹೆದರಿಸಿರಬಹುದು, ಇಂಥದ್ದನ್ನು ನಾನು ಇಲ್ಲಿ ಎಷ್ಟೋ ನೋಡಿದ್ದೇನೆ. ವೋಟು ಕೇಳಲಿಕ್ಕೆ ಕ್ಲಾಸ್ ಕ್ಲಾಸ್ ತಿರುಗುವ ಧೈರ್ಯ ಇದ್ದವಳಿಗೆ ಇದೂ ಇದ್ದೀತು. ಹೆದರಿದ ಹುಡುಗಿ ಸುಳ್ಳು ಹೇಳಲಿಕ್ಕಿಲ್ಲ. ತಪ್ಪು ಮಾಡಿದವರು ಉತ್ತರ ಹೇಳಲಿ. ಸ್ನೇಹ ಅಂತ ನಡುವೆ ನುಗ್ಗಿ ನಿನ್ನ ಹೆಸರು ಕೆಡಿಸಿಕೊಳ್ಳಬೇಡ. ಭಾವ ಎಷ್ಟು ಕಷ್ಟಪಟ್ಟು ನಿನ್ನನ್ನು ಅಲ್ಲಿ ಓದಿಸುತ್ತಿದ್ದಾರೆ ಅಂತ ನೆನಪಿರಲಿ.

ಅಕ್ಕನಿಗೆ ನಾನು ಏನೂ ಹೇಳುವುದಿಲ್ಲ.

ಚಿಕ್ಕಮ್ಮ

*

ಅಬ್ಬಾಸಿಯಾ
18 ಡಿಸೆಂಬರ್ 2004

ಚಿಕ್ಕಮ್ಮ,

ನಿಮ್ಮ ಕಾಗದ ಓದಿ ಎಷ್ಟು ಸಮಾಧಾನವಾಯಿತು ಅಂದರೆ ಅವತ್ತು ರಾತ್ರಿ ನಿದ್ದೆ ಬಂತು. ನೀವು ಹೇಳಿದ ಹಾಗೇ ಮಾಡಿದ್ದೇನೆ. ಯಾರ ಹತ್ತಿರವೂ ಮಾತಾಡಿಲ್ಲ.

ಶರ್ಲಿನ್‌ಗೆ ಕಾಲೇಜಿಗೆ ಬರಬಾರದು ಅಂತ ಆಗಿದೆ. ಮೊನ್ನೆ ಅಬ್ಬಾಸಿಯಾದ ತರಕಾರಿ ಅಂಗಡಿಯಲ್ಲಿ ಕಂಡಳು, ನಾನು ಮೊಟ್ಟೆ ತೆಗೆದುಕೊಳ್ಳುವ ಹಾಗೆ ಆಚೆ ತಿರುಗಿದೆ. ಅವಳು ಹತ್ತಿರ ಬಂದು, "ಹೇಗಿದ್ದಿ, ಪ್ರೆಸಿಡೆಂಟ್?" ಅಂದಳು. ತಮಾಷೆಗೇ ಅಂದಳು, ಆದರೆ ಹೋಗಲಿಲ್ಲ, ನಿಂತೇ ಇದ್ದಳು. ಪಪ್ಪ ಕಾರಿನಿಂದ ಹಾರ್ನ್ ಹಾಕಿದರು. ಅವಳ ಸಂಗ ಬಿಡು ಅಂತ ಪಪ್ಪನೂ ಹೇಳಿದ್ದಾರೆ.

ಜನವರಿ ಹದಿನೈದಕ್ಕೆ ಕಾಲೇಜಿನಲ್ಲಿ ವಿಚಾರಣೆ. ಅಲ್ಲಿ ಚಾಕು ತೋರಿಸಿದ್ದು ಹೌದು ಅಂತ ತೀರ್ಮಾನವಾದರೆ ರುಚಿಕಾಳ ಅಪ್ಪ ಮರುದಿನವೇ ಪೊಲೀಸರ ಹತ್ತಿರ ಹೋಗುತ್ತಾರಂತೆ. ರುಚಿಕಾ ಹೇಳಿಕೆ ಕೊಟ್ಟಿದ್ದಾಳೆ. ಕಣ್ಣು ಕಟ್ಟಿದ್ದರಿಂದ ನೋಡಿಲ್ಲವಂತೆ, ಆದರೆ ಒಬ್ಬ ಹುಡುಗಿ "ಚಾಕು, ಶರ್ಲಿನ್, ಚಾಕು!" ಅಂತ ಜೋರಾಗಿ ಕೂಗಿದ್ದು ಕಿವಿಯಾರೆ ಕೇಳಿದೆಯಂತೆ. ಶರ್ಲಿನ್‌ಗೆ ಚಾಕು ತೆಗೆಯಲಿಕ್ಕೆ ಹೇಳಿದ್ದು ಅಂತ. ಎಂಥ ಸುಳ್ಳು ನೋಡಿ! ಅಲ್ಲಿ ಯಾರೂ ಚಾಕು ಅನ್ನಲಿಲ್ಲ ಚಿಕ್ಕಮ್ಮ, ದೇವರಾಣೆ. ಎಲ್ಲರೂ ಯಲ್ಲಾ ಯಲ್ಲಾ, ಬೇಗ ಬೇಗ, ಅಂತ ಚಪ್ಪಾಳೆ ತಟ್ಟುತ್ತಿದ್ದರು ಅಷ್ಟೇ. ಆ ಹುಡುಗಿಗೆ ಶರ್ಲಿನ್ ಮೇಲೆ ಅಷ್ಟೊಂದು ಹಗೆ ಯಾಕೋ.

ಅಕ್ಷಯಾ

*

ಮಂಗಳೂರು
27 ಡಿಸೆಂಬರ್ 2004

ಅಕ್ಷಯಾ,

ನಾಳೆ ಕುವೈತಿಗೆ ಹೊರಡುವ ಅಹ್ಮದ್ ಕುಂಞಿಯವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಅವರ ಮಗಳು ನಮ್ಮ ಹಾಸ್ಟೆಲಿನವಳು. ನಿನ್ನ ಕೈಗೇ ಕೊಡಬೇಕು, ಮನೆಯವರಿಗಲ್ಲ ಅಂತ ಹೇಳಿದ್ದೇನೆ.

ನೀನು ಹೊರಗೆ ಬಿರಿಯಾನಿ ಪಾತ್ರೆ ಕಾಯುತ್ತಿದ್ದೆ. ಗೋದಾಮಿನ ಒಳಗೆ ಯಾರೂ ಚಾಕು ಅನ್ನಲಿಲ್ಲ ಅಂತ ದೇವರ ಆಣೆ ಹಾಕಲಿಕ್ಕೆ ನಿನಗೆ ಹೇಗೆ ಗೊತ್ತು? ಚಪ್ಪಾಳೆ ತಟ್ಟಿದ್ದು ಹೇಗೆ ಗೊತ್ತು?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಸುಮ್ಮನೆ ವಾರ್ಡನ್ ಆದದ್ದಲ್ಲ. ಗೇಟು ಹಾರಿ ಬಂದವಳು ಯಾರು ಅಂತ ಬೆಳಿಗ್ಗೆ ಚಾ ಕುಡಿಯುವ ರೀತಿಯಲ್ಲಿ ಹೇಳುತ್ತಿದ್ದೆ. ನಿನ್ನ ವಿಷಯದಲ್ಲಿ ಮಾತ್ರ ಕಣ್ಣಿಗೆ ಪೊರೆ ಬಂತು. ನೀನು ನಮ್ಮ ಹುಡುಗಿ ಅಂತ ನಿನ್ನನ್ನು ನಂಬಿದೆ. ಮುಖ ನೋಡದ ಇನ್ನೊಬ್ಬಳನ್ನು ಕೂತಲ್ಲಿಂದಲೇ ಬಜಾರಿ ಮಾಡಿ ಬರೆದೆ. ನನ್ನ ಮೇಲೆ ನನಗೇ ಸಿಟ್ಟು ಬಂದಿದೆ.

ನಡೆದದ್ದು ನಡೆದ ಹಾಗೆ ಬರೆ. ನೀನು ಎಲ್ಲಿ ನಿಂತಿದ್ದೆ, ಏನು ಹೇಳಿದೆ, ಎಲ್ಲ. ಸಿಹಿ ಮಾತು ಬೇಡ.

ಪುಷ್ಪಾವತಿ

*

ಅಬ್ಬಾಸಿಯಾ
31 ಡಿಸೆಂಬರ್ 2004

ಚಿಕ್ಕಮ್ಮ,

ನೀವು ಚಿಕ್ಕಮ್ಮ ಅಂತ ಬರೆಯದೆ ಹೆಸರು ಬರೆದಿರಿ. ಅದನ್ನು ನೋಡಿಯೇ ಅಳು ಬಂತು.

ನಾನು ಒಳಗಿದ್ದೆ. ಬಟ್ಟೆ ಕಟ್ಟಲಿಕ್ಕೆ ಒಪ್ಪಿದ್ದೂ ನಾನೇ. ಹೋದ ವರ್ಷದ ದೀದಿಗಳು, "ಕಣ್ಣು ಬಿಟ್ಟು ಬಿದ್ದರೆ ಅದೆಂಥ ನಂಬಿಕೆ, ಹೊಸ ಪ್ರೆಸಿಡೆಂಟಿಗೆ ಇಷ್ಟು ಪುಕ್ಕಲಾ?" ಅಂತ ನಗಾಡಿದರು. ನನ್ನ ದುಪಟ್ಟಾವನ್ನೇ ಕೊಟ್ಟೆ.

ಕಟ್ಟೆಯ ಮೇಲೆ ರುಚಿಕಾಳ ಭುಜ ಹಿಡಿದು ನಿಂತದ್ದು ಶರ್ಲಿನ್. ಅವಳನ್ನು ಅಲ್ಲಿ ನಿಲ್ಲಿಸಿದ್ದೂ ನಾನು. ಕೆಳಗೆ ಎಲ್ಲರೂ ಯಲ್ಲಾ ಯಲ್ಲಾ ಅಂತಿದ್ದರು. ರುಚಿಕಾ ನಡುಗುತ್ತಿದ್ದಳು. ಶರ್ಲಿನ್ ಕೈ ಹೆಣೆದವರನ್ನು ಸರಿಯಾಗಿ ನಿಲ್ಲಿಸುವುದರಲ್ಲಿದ್ದಳು, ಗಮನಿಸಲಿಲ್ಲ, ಕೆಳಗಿದ್ದ ನನಗೆ ಕಾಣುತ್ತಿತ್ತು. ಆಟ ನಿಲ್ಲಿಸಬೇಕು ಅನ್ನಿಸಿತು. ಆ ಗಲಾಟೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿದರೆ ದೀದಿಗಳು ಮತ್ತೆ ನಗಾಡಿಯಾರು ಅಂತ ಶರ್ಲಿನ್‌ಗೆ ಮಾತ್ರ ತಿಳಿಯುವ ಹಾಗೆ ಕನ್ನಡದಲ್ಲಿ ಕೂಗಿದೆ. "ಸಾಕು, ಶರ್ಲಿನ್, ಸಾಕು!" ಅಂತ. ನಾನು ಹೇಳಿದ್ದು ಅಷ್ಟೇ. ಅಷ್ಟರಲ್ಲಿ ರುಚಿಕಾ ಚೀರಿ ಕೈ ಕೊಸರಿಕೊಂಡು ಓಡಿದಳು.

ಇನ್ನೊಂದು ಉಂಟು. ಆಸ್ಪತ್ರೆಯಿಂದ ವಾಪಸು ಬರುವಾಗ ವ್ಯಾನಿನಲ್ಲಿ ಎಲ್ಲರೂ ಅಳುತ್ತಿದ್ದೆವು. ಆಗ, "ಅಕ್ಷಯಾ ಹೊರಗೆ ಇದ್ದಳು ಅಂತ ಹೇಳುವ. ಮಾತು ಕೊಟ್ಟದ್ದು ಅವಳು, ಅವಳನ್ನು ಕಾಲೇಜಿಂದ ತೆಗೆಯುತ್ತಾರೆ. ಪ್ರೆಸಿಡೆಂಟ್ ಉಳಿದರೆ ನಮ್ಮನ್ನೂ ಉಳಿಸುತ್ತಾಳೆ" ಅಂದವಳು ಶರ್ಲಿನ್. ಚಾಕುವಿನ ಮಾತು ಆಗ ಎದ್ದೇ ಇರಲಿಲ್ಲ. ಎಲ್ಲರೂ ಕೈ ಮೇಲೆ ಕೈ ಇಟ್ಟು ಒಪ್ಪಿದೆವು. ಅವಳ ಮೇಲೆ ಅಷ್ಟೆಲ್ಲ ಬಂದ ಮೇಲೂ ಅವಳು ನನ್ನ ಹೆಸರು ಹೇಳಿಲ್ಲ. ಡೀನ್ ಮೂರು ಸಲ ಕರೆಸಿ ಕೇಳಿದ್ದಾರೆ.

ನಾನು ಈಗ ಎದ್ದು ನಿಂತು ಒಳಗಿದ್ದೆ ಅಂದರೂ ಅವಳಿಗೇನು ಉಪಯೋಗ? ಚಾಕು ಅಂತ ಕೂಗಿದವರು ಯಾರು ಅಂತ ನನಗೂ ಗೊತ್ತಿಲ್ಲವಲ್ಲ. ಅವಳೂ ಉಳಿಯುವುದಿಲ್ಲ, ನಾನೂ ಹೋಗುತ್ತೇನೆ. ಪಪ್ಪನಿಗೆ ಏನು ಹೇಳಲಿ? ನೀವೇ ಹೇಳಿ, ಇಬ್ಬರೂ ಮುಳುಗುವುದರಲ್ಲಿ ಏನು ನ್ಯಾಯ?

ಅಕ್ಷಯಾ

*

ಮಂಗಳೂರು
9 ಜನವರಿ 2005

ಮಗಾ,

ನಿನ್ನ ಕಾಗದ ನಿನ್ನೆ ಸಿಕ್ಕಿತು, ಇವತ್ತೇ ಬರೆಯುತ್ತಿದ್ದೇನೆ. ಕುವೈತಿನಲ್ಲಿ ಕೆಲಸಕ್ಕಿರುವ ನಮ್ಮೂರ ಕಾಂತಪ್ಪ ಇವತ್ತು ಸಂಜೆ ಮುಂಬೈಗೆ ಬಸ್ಸು ಹತ್ತುತ್ತಾನೆ, ಅಲ್ಲಿಂದ ಬುಧವಾರ ವಿಮಾನ. ಹದಿನೈದಕ್ಕೆ ಮುಂಚೆ ನಿನಗೆ ಸಿಗಲೇಬೇಕು. ಎರಡು ಸಲ ಫೋನೂ ಮಾಡಿದೆ. ಎರಡು ಸಲವೂ ಭಾವನೇ ಎತ್ತಿದರು. ಸೆಕೆ ಉಂಟಾ, ಮೀನು ಹೇಗೆ ಅಂತ ಕೇಳಿದರು, ಫೋನು ಇಟ್ಟೆ. ಅವರಿಗೇ ಹೇಳಬಹುದಿತ್ತು. ಆದರೆ ಅವರ ಬಾಯಿಂದ ಹೊರಟರೆ ಅದು ನಿನ್ನ ಮಾತಾಗುವುದಿಲ್ಲ.

ಈಗ ಕೇಳು. ಅಕ್ಟೋಬರಿನಲ್ಲಿ ಪಾಟ್ನಾದ ಹುಡುಗಿಯ ಅವಾಂತರ ನೀನು ಬಂದಾಗ ಹೇಳುತ್ತೇನೆ ಅಂತ ಬರೆಯದೆ ಬಿಟ್ಟೆನಲ್ಲ. ಅದು ಇದು. ಅವಳು ಅನ್ನದ ಪಾತ್ರೆ ಹಿಡಿದು ಸಾಲಿನಲ್ಲಿ ಬಡಿಸುತ್ತಾ ಬಂದಳು. ಬಡಿಸಿದಲ್ಲೆಲ್ಲ ಹುಡುಗಿಯರು ಕೈ ಅಡ್ಡ ಹಿಡಿದು "ಸಾಕು, ಸಾಕು" ಅಂದರು. ನಾಲ್ಕು ಜನ ಹಾಗೆ ಅಂದದ್ದೇ ತಡ, ಪಾತ್ರೆ ಕೆಳಗಿಟ್ಟು ಒಳಗೆ ಓಡಿ ತರಕಾರಿ ಹೆಚ್ಚುವ ಚಾಕು ತಂದು ಅವರ ಮುಂದೆ ಹಿಡಿದಳು. ಅವಳ ಹಿಂದಿಯಲ್ಲೂ ಚಾಕು ಅಂದರೆ ಚಾಕುವೇ, ಊಟಕ್ಕೆ ಕೂತು ಎಲ್ಲರೂ ಚಾಕು ಯಾಕೆ ಕೇಳುತ್ತಾರೆ ಅಂತ ಅವಳಿಗೆ ಆಶ್ಚರ್ಯ. ನಾವೆಲ್ಲ ಬಿದ್ದು ಬಿದ್ದು ನಗಾಡಿದೆವು.

ಅಕ್ಷಯಾ, ನೀನು ಕೂಗಿದ್ದನ್ನು ಆ ಕಾನ್ಪುರದ ಹುಡುಗಿಯ ಕಿವಿಯಿಂದ ಒಮ್ಮೆ ಕೇಳು. ಕಣ್ಣು ಕಟ್ಟಿದೆ, ಸುತ್ತ ಗಲಾಟೆ, ಪಕ್ಕದಲ್ಲಿ ಭುಜ ಹಿಡಿದವಳು ಶರ್ಲಿನ್. ಸಾಕು, ಶರ್ಲಿನ್, ಸಾಕು.

ಅವಳು ಸುಳ್ಳು ಹೇಳಿಲ್ಲ. ಶರ್ಲಿನ್ ಚಾಕು ತೆಗೆದಿಲ್ಲ. ಕೂಗಿದವಳು ನೀನು. ಒಳ್ಳೆಯದಕ್ಕೇ ಕೂಗಿದೆ, ಅದೂ ಹೌದು. ನೀನು ಹೆದರಿ ಸಾಕು ಅನ್ನಲಿಕ್ಕೆ ನಮ್ಮ ತುಳುವಿನಲ್ಲಿ "ಯಾವು" ಅಂದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಶರ್ಲಿನ್‌ಗೆ ತಿಳಿಯಲಿ ಅಂತ ಕನ್ನಡದಲ್ಲಿ ಹೇಳಿದೆ, ಅದೇ ಅವಳ ಕುತ್ತಿಗೆಗೆ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹಾಳು ಅನ್ನ ಬಡಿಸಿದ ಕಥೆಯನ್ನು ನಾನು ಅವತ್ತೇ ಬರೆದಿದ್ದರೆ ನಿನಗೆ ಎಂದೋ ಹೊಳೆಯುತ್ತಿತ್ತು. ಕಾಗದ ಸಾಲದು ಅಂತ ಬಿಟ್ಟೆ. ಎಂಥಾ ಸೋಮಾರಿತನ ನನ್ನದು.

ಇಬ್ಬರೂ ಮುಳುಗುವುದರಲ್ಲಿ ಏನು ನ್ಯಾಯ ಅಂತ ಕೇಳಿದ್ದಿ. ಇಬ್ಬರೂ ಮುಳುಗುವುದಿಲ್ಲ. ಈಗ ನೀನೊಬ್ಬಳು ಮುಳುಗಿದರೆ ಅವಳು ಮೇಲೆ ಬರುತ್ತಾಳೆ. ಸುಮ್ಮನೆ ಕೂತರೆ ನೀನು ಪ್ರೆಸಿಡೆಂಟಾಗಿಯೇ ಇರುತ್ತಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಅವಳು ಅಮ್ಮನ ಜೊತೆ ವಿಮಾನ ಹತ್ತುತ್ತಾಳೆ. ಈಗ ನಿನಗೆ ಗೊತ್ತಿಲ್ಲ ಅಂತಿಲ್ಲ. ಗೊತ್ತಾಗಿದೆ.

ಹೊರಗಿರು ಅಂತ ಹಿಂದೆ ಬರೆದವಳು ನಾನೇ. ಆ ಕಾಗದ ಹರಿದು ಹಾಕು.

ಚಿಕ್ಕಮ್ಮ

*

ಅಬ್ಬಾಸಿಯಾ
21 ಜನವರಿ 2005, ಶುಕ್ರವಾರ

ಚಿಕ್ಕಮ್ಮ,

ಕಾಂತಪ್ಪಣ್ಣ ಗುರುವಾರ ಸಂಜೆ ಬಂದರು. ಹಪ್ಪಳದ ಕಟ್ಟು ಅಮ್ಮನ ಕೈಗೆ ಕೊಟ್ಟು, ಕಾಗದವನ್ನು ನೀರು ಕೇಳುವ ನೆವದಲ್ಲಿ ಅಡಿಗೆಕೋಣೆಗೆ ಬಂದು ನನ್ನ ಕೈಗೆ ಕೊಟ್ಟರು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಓದಿದೆ. ಕನ್ನಡಿಯ ಎದುರು ಮೆಲ್ಲಗೆ "ಸಾಕು" ಅಂದೆ. ನಲ್ಲಿಯ ಸದ್ದಿನಲ್ಲಿ ನನಗೇ ಅದು ಚಾಕು ಅಂತ ಕೇಳಿತು. ಆಮೇಲೆ ಬಹಳ ಹೊತ್ತು ನಾನು ಹೊರಗೆ ಬರಲಿಲ್ಲ.

ಶುಕ್ರವಾರ ಪಪ್ಪನಿಗೆ ಎಲ್ಲ ಹೇಳಿದೆ. ಅವರು ಟಿವಿ ಆಫ್ ಮಾಡಿದರು. "ನಿನ್ನ ಹೆಸರು ಎಲ್ಲಿಯೂ ಇಲ್ಲ. ನೀನಾಗಿ ಯಾಕೆ ಹಾಕಿಸಿಕೊಳ್ಳುತ್ತಿ? ಎಲ್ಲ ತನ್ನಷ್ಟಕ್ಕೇ ತಣ್ಣಗಾಗುತ್ತದೆ. ಬಾಯಿ ಮುಚ್ಚಿಕೊಂಡಿರು" ಅಂದರು. ನಾನು ಎದ್ದು ಒಳಗೆ ಹೋದೆ. ನಂಬಿಕೆ ಬರಲಿಲ್ಲವೋ ಏನೋ, ಮರುದಿನ ರಜೆ ಹಾಕಿ ನನ್ನ ಜೊತೆಗೇ ವಿಚಾರಣೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತರು.

ರುಚಿಕಾ ಅಪ್ಪನ ಪಕ್ಕ ಕೂತಿದ್ದಳು. ಕೈಯ ಪ್ಲಾಸ್ಟರ್ ತೆಗೆದಿದ್ದಾರೆ, ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಕಾರ್ಮೆಲ್ ಆಂಟಿ ಡ್ಯೂಟಿಯಿಂದ ನರ್ಸ್ ಬಟ್ಟೆಯಲ್ಲೇ ಓಡಿ ಬಂದಿದ್ದರು. ಶರ್ಲಿನ್ ನನ್ನ ಕಡೆ ಒಮ್ಮೆ ನೋಡಿದಳು, ಆಮೇಲೆ ನೋಡಲಿಲ್ಲ. ಡೀನ್ ಮೇಡಂ ಕೊನೆಯದಾಗಿ ಯಾರಿಗಾದರೂ ಏನಾದರೂ ಹೇಳುವುದುಂಟಾ ಅಂತ ಕೇಳಿದರು. ಮೇಡಂ ಫೈಲು ಮುಚ್ಚಿದರು. ಆ ಫೈಲು ಮುಚ್ಚಿದ ಸದ್ದಿಗೆ ಎದ್ದುಬಿಟ್ಟೆ.

ಬೇರೆ ಏನು ಹೇಳಬೇಕು ಅಂತ ತಿಳಿಯದೆ ಅವತ್ತಿನ ಸ್ವರದಲ್ಲೇ ಕೂಗಿಬಿಟ್ಟೆ. "ಸಾಕು, ಶರ್ಲಿನ್, ಸಾಕು!"

ರುಚಿಕಾ ಕುರ್ಚಿಯಿಂದ ಹಾರಿ ಎದ್ದಳು. ಅಪ್ಪನ ತೋಳು ಹಿಡಿದುಕೊಂಡು, "ಯಹೀ! ಯಹೀ ಆವಾಜ್!" ಅಂದಳು, ಇದೇ ಸ್ವರ ಅಂತ. ಅವಳ ತುಟಿ ಬಿಳಿಚಿಕೊಂಡಿತ್ತು. ನಾನು ಅವಳನ್ನು ಎರಡನೇ ಸಲ ಹೆದರಿಸಿದೆ ಚಿಕ್ಕಮ್ಮ.

ಆಮೇಲೆ ಎಲ್ಲ ಹೇಳಿದೆ. ಒಳಗಿದ್ದದ್ದು, ದುಪಟ್ಟಾ, ವ್ಯಾನಿನ ಮಾತು, ನಿಮ್ಮ ಪಾಟ್ನಾದ ಹುಡುಗಿ. ಮೇಡಂ ಈಜಿಪ್ಟಿನವರು. ಸಾಕು ಅನ್ನುವ ಶಬ್ದವನ್ನು ಎರಡು ಸಲ ಉಚ್ಚರಿಸಿ ನೋಡಿ, "ಅಂದರೆ ಏನು? ಖಲಾಸ್?" ಅಂತ ಕೇಳಿದರು.

"ಹೌದು ಮೇಡಂ. ಖಲಾಸ್."

"ಹಾಗಾದರೆ ಖಲಾಸ್ ಅಂತಲೇ ಯಾಕೆ ಕೂಗಲಿಲ್ಲ? ಅದು ಇಲ್ಲಿ ಎಲ್ಲರಿಗೂ ಗೊತ್ತಲ್ಲ."

ಈ ಊರಿಗೆ ಬಂದ ಮೊದಲ ದಿನ ಕಲಿತ ಅರಬ್ಬಿ ಮಾತು ಅದು, ಸಾಕು, ಮುಗಿಯಿತು ಅನ್ನಲಿಕ್ಕೆ. ಟ್ಯಾಕ್ಸಿಯವನಿಗೂ ಗೊತ್ತು, ಮೀನಿನ ಅಂಗಡಿಯವನಿಗೂ ಗೊತ್ತು, ರುಚಿಕಾಳಿಗೂ ಗೊತ್ತು. ಎಲ್ಲರಿಗೂ ತಿಳಿಯುವ ಹಾಗೆ ನಿಲ್ಲಿಸಿ ಅಂತ ಹೇಳಲಿಕ್ಕೆ ನನಗೆ ಧೈರ್ಯ ಇರಲಿಲ್ಲ, ಅಷ್ಟೇ.

ರುಚಿಕಾಳ ಅಪ್ಪ ಕೇಸು ಹಾಕುವುದಿಲ್ಲ ಅಂದರು. ಶರ್ಲಿನ್ ಸೋಮವಾರದಿಂದ ಕಾಲೇಜಿಗೆ ಹೋಗುತ್ತಿದ್ದಾಳೆ. ಸರ್ಕಲ್ ಮುಚ್ಚಿದರು. ನನ್ನನ್ನು ಈ ವರ್ಷಕ್ಕೆ ಕಾಲೇಜಿನಿಂದ ಹೊರಗಿಟ್ಟಿದ್ದಾರೆ. ಪಪ್ಪ ಮನೆಗೆ ಬಂದು ಅಮ್ಮನಿಗೆ, "ಲಡ್ಡು ತಿಂದವರು ನಾಳೆ ಕೇಳುತ್ತಾರೆ, ಏನು ಹೇಳಲಿ?" ಅಂದರು. ಆಮೇಲೆ ನನ್ನ ಬಟ್ಟಲಿಗೆ ಅವರೇ ಅನ್ನ ಬಡಿಸಿದರು. ನಾನು ಸಾಕು ಅನ್ನಲಿಲ್ಲ, ಅವರು ಹಾಕಿದಷ್ಟನ್ನೂ ತಿಂದೆ. ಜೂನ್‌ಗೆ ನಿಮ್ಮಲ್ಲಿಗೆ ಕಳಿಸುವ ಮಾತಾಗುತ್ತಿದೆ.

ಒಂದು ಕೇಳಬೇಕು. ವಿಚಾರಣೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಕಾರ್ಮೆಲ್ ಆಂಟಿ ನನ್ನ ಕೆನ್ನೆ ಮುಟ್ಟಿ, "ಥ್ಯಾಂಕ್ಸ್ ಮಗಾ" ಅಂದರು. ಅದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ನಾನು ಶರ್ಲಿನ್‌ನ ಕೈ ಹಿಡಿದು ಕನ್ನಡದಲ್ಲಿ ಹೇಳಲಿಕ್ಕೆ ಶುರು ಮಾಡಿದೆ, ಆ ಶಬ್ದ ನನಗೆ ಹೊಳೆದೇ ಇರಲಿಲ್ಲ, ಮೊನ್ನೆಯಷ್ಟೇ ಗೊತ್ತಾದದ್ದು ಅಂತ. ಅವಳು ಪೂರ್ತಿ ಕೇಳಲಿಲ್ಲ. ಕೈ ಬಿಡಿಸಿಕೊಂಡು, "ಶಬ್ದ ಬಿಡು. ನೀನು ಒಳಗೆ ಇದ್ದದ್ದು ನಿನಗೆ ಗೊತ್ತಿತ್ತಲ್ಲ" ಅಂದಳು. ನಾನು ಮತ್ತೆ ಬಾಯಿ ತೆರೆದೆ. ಆಗ ಅವಳು ಮೊದಲ ಸಲ ನನ್ನ ಹತ್ತಿರ ಕೊಂಕಣಿಯಲ್ಲಿ ಮಾತಾಡಿದಳು. ಒಂದೇ ಶಬ್ದ. "ಪುರೊ" ಅಂದಳು. ಜೋರಾಗಿ ಅಲ್ಲ. ಹೇಳಿ ಅಮ್ಮನ ಹಿಂದೆ ಮೆಟ್ಟಿಲಿಳಿದು ಹೋದಳು. ಈಗ ಫೋನು ಮಾಡಿದರೆ ಎತ್ತುವುದಿಲ್ಲ.

ನಿಮ್ಮ ಹಾಸ್ಟೆಲಿನಲ್ಲಿ ಕೊಂಕಣಿ ಹುಡುಗಿಯರಿದ್ದಾರಲ್ಲ. ಪುರೊ ಅಂದರೆ ಏನು ಅಂತ ಕೇಳಿ ಬರೆಯಿರಿ.

ನಿಮ್ಮ ಅಕ್ಷಯಾ

*

ಮಂಗಳೂರು
2 ಫೆಬ್ರವರಿ 2005

ನನ್ನ ಮುದ್ದು ಮಗಾ,

ಜೂನಿನಲ್ಲಿ ಬಾ. ನನ್ನ ಕೋಣೆಯಲ್ಲೇ ಇನ್ನೊಂದು ಮಂಚ ಹಾಕಿಸುತ್ತೇನೆ. ಮೊದಲ ವಾರ ನೀನೂ ಮೆಸ್ಸಿನಲ್ಲಿ ಬಡಿಸಬೇಕು, ವಾರ್ಡನ್‌ನ ಅಕ್ಕನ ಮಗಳು ಅಂತ ವಿನಾಯಿತಿ ಇಲ್ಲ. ಪಾಟ್ನಾದ ಹುಡುಗಿ ಕಲಿಸಿಕೊಡುತ್ತಾಳೆ. ಈಗ ಅವಳಿಗೆ ಚೆನ್ನಾಗಿ ಕನ್ನಡ ಬರುತ್ತದೆ.

ಭಾವನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಮೊನ್ನೆ ಅವರೇ ಫೋನು ಮಾಡಿದ್ದರು. ಹವೆಯ ವಿಷಯ ಕೇಳಲಿಲ್ಲ. "ಅವಳು ಎದ್ದು ನಿಂತಾಗ ನನ್ನ ಎದೆ ಒಡೆದೇ ಹೋಯಿತು ಪುಷ್ಪಾ" ಅಂದರು. ಫೋನು ಇಡುವ ಮುಂಚೆ, "ಆದರೆ ನಿಂತಳು" ಅಂದರು.

ನೀನು ಕೇಳಿದ ಶಬ್ದಕ್ಕೆ ಹುಡುಗಿಯರನ್ನು ಕೇಳಬೇಕಾಗಿಲ್ಲ, ಇಷ್ಟು ವರ್ಷ ಅವರಿಗೆಲ್ಲ ಬಡಿಸಿ ನನಗೇ ಗೊತ್ತು.

ಪುರೊ ಅಂದರೆ ಸಾಕು ಅಂತ.

ಚಿಕ್ಕಮ್ಮ